ಮೂರನೆಯ ದಿನದ ರಕ್ತದ ಬೊಟ್ಟು



ಒಂದು ದಪ್ಪ ಕಾಗದದ ಚೂರು, ಅದರ ಮೇಲೆ ಒಣಗಿದ ನಾಲ್ಕೈದು ರಕ್ತದ ಬೊಟ್ಟು. ಇಷ್ಟನ್ನು ಲಕೋಟೆಗೆ ಹಾಕಿ ನಮ್ಮ ದಾವಣಗೆರೆ ಜಿಲ್ಲೆಯ ಜಗಳೂರಿನಿಂದ ಬೆಂಗಳೂರಿಗೆ ಅಂಚೆಯಲ್ಲಿ ಕಳಿಸಿದರೆ ಸಾಕು. ಹುಟ್ಟಿ ಮೂರು ದಿನವಾದ ಕೂಸಿಗೆ ಮುಂದೆ ಬುದ್ಧಿಯ ಬೆಳವಣಿಗೆ ಕುಂಠಿಸಬಲ್ಲ, ಕೆಲವೊಮ್ಮೆ ವಾರದೊಳಗೆ ಜೀವವನ್ನೇ ತೆಗೆಯಬಲ್ಲ ನಲವತ್ತಕ್ಕೂ ಹೆಚ್ಚು ಕಾಯಿಲೆಗಳಲ್ಲಿ ಯಾವುದರ ಸುಳಿವಾದರೂ ಇದೆಯೇ ಎಂದು ಅಲ್ಲಿನ ಯಂತ್ರವೊಂದು ಎರಡು ಮೂರು ನಿಮಿಷದಲ್ಲಿ ತಿಳಿಸುತ್ತದೆ. ಆ ಯಂತ್ರವನ್ನು ಚನ್ನಗಿರಿಯಲ್ಲೋ ಹೊನ್ನಾಳಿಯಲ್ಲೋ ನ್ಯಾಮತಿಯಲ್ಲೋ ಇಡಲಾಗುವುದಿಲ್ಲ, ಇಡಬೇಕಾದ ಅಗತ್ಯವೂ ಇಲ್ಲ. ಅದರ ಬೆಲೆ ಕೋಟಿಗಳಲ್ಲಿ, ಅದನ್ನು ನಡೆಸಲು ಬೇಕಾದ ತರಬೇತಿ ವರ್ಷಗಳಲ್ಲಿ. ನಮ್ಮ ಕಡೆಯಿಂದ ಹೋಗಬೇಕಾದದ್ದು ಕಾಗದ ಮಾತ್ರ. ಆ ಕಾಗದದ ವಿಷಯವೇ ಇವತ್ತಿನ ನನ್ನ ಮಾತು.

ನಾವು ಉಂಡ ಅನ್ನ, ಕುಡಿದ ಹಾಲು, ತಿಂದ ಬೇಳೆ ಇವೆಲ್ಲ ದೇಹದೊಳಗೆ ಒಡೆದು, ಮಾರ್ಪಟ್ಟು, ಮತ್ತೆ ಕಟ್ಟಿಕೊಂಡು ನಡೆಯುವ ರಾಸಾಯನಿಕ ವ್ಯವಹಾರಕ್ಕೆ ಚಯಾಪಚಯ ಎನ್ನುತ್ತೇವೆ. ಈ ವ್ಯವಹಾರದ ಹಾದಿಯಲ್ಲಿ ಸಾವಿರಾರು ಸಣ್ಣ ಅಣುಗಳು ಹುಟ್ಟುತ್ತವೆ, ಕರಗುತ್ತವೆ. ಸಕ್ಕರೆ, ಅಮೈನೋ ಆಮ್ಲಗಳು, ಕೊಬ್ಬಿನ ತುಣುಕುಗಳು, ಯೂರಿಯಾ, ಅಮೋನಿಯಾ ಎಲ್ಲ ಈ ಪೈಕಿಯವು. ಕೆನಡಾದ ವಿಜ್ಞಾನಿಗಳು ಕಟ್ಟಿರುವ ಮಾನವ ಅಣುಗಳ ಕೋಶದಲ್ಲಿ ಈಗ ಎರಡು ಲಕ್ಷಕ್ಕೂ ಮೇಲೆ ನಮೂದುಗಳಿವೆ; ಲೆಕ್ಕದಿಂದ ಊಹಿಸಿದವೂ ಅದರಲ್ಲಿ ಸೇರಿವೆ. ರಕ್ತ, ಮೂತ್ರ, ಎಂಜಲು, ಉಸಿರು, ಇವುಗಳಲ್ಲಿ ಯಾವ ಅಣು ಎಷ್ಟಿದೆ ಎಂದು ಒಟ್ಟಿಗೆ ಅಳೆದು ಆ ಚಿತ್ರದಿಂದ ಕಾಯಿಲೆಯನ್ನು ಗುರುತಿಸುವುದೇ ನಾನು ಹೇಳಹೊರಟಿರುವ ವಿದ್ಯೆ. ಮೂತ್ರಕ್ಕೆ ಇರುವೆ ಮುತ್ತಿದ್ದನ್ನು ಕಂಡು ಮಧುಮೇಹ ಎಂದ ನಮ್ಮ ಹಳೆಯ ವೈದ್ಯನೂ ಒಂದೇ ಒಂದು ಅಣುವಿನ ಮಟ್ಟಿಗೆ ಇದನ್ನೇ ಮಾಡಿದ್ದ.

ಯಂತ್ರದ ಕೆಲಸ ಚನ್ನಗಿರಿಯವರಿಗೆ ಬೇಗ ತಿಳಿಯುತ್ತದೆ. ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸುವವರು ಮೊದಲು ಮೇಲ್ನೋಟಕ್ಕೆ, ತೂಕಕ್ಕೆ ಬೇರೆ ಮಾಡುತ್ತಾರೆ. ಅನುಮಾನ ಬಂದ ಕಾಯನ್ನು ಒಡೆದು ಒಳಗಿನ ಬಣ್ಣ ನೋಡುತ್ತಾರೆ. ಟ್ಯಾಂಡಮ್ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಈ ಯಂತ್ರದಲ್ಲೂ ಎರಡು ಹಂತ. ಕಾಗದದ ಮೇಲಿನ ರಕ್ತದ ಬೊಟ್ಟಿನಿಂದ ಮೂರು ಮಿಲಿಮೀಟರ್ ಅಗಲದ ಒಂದು ಬಿಲ್ಲೆಯನ್ನು ಕತ್ತರಿಸಿ ದ್ರಾವಣದಲ್ಲಿ ನೆನೆಸುತ್ತಾರೆ. ಹೊರಬಂದ ಅಣುಗಳಿಗೆ ವಿದ್ಯುದಾವೇಶ ಕೊಟ್ಟು ಒಳಗೆ ಬಿಟ್ಟರೆ ಮೊದಲ ಹಂತ ಅವನ್ನು ತೂಕದ ಪ್ರಕಾರ ಬೇರ್ಪಡಿಸುತ್ತದೆ. ನಡುವೆ ಅವು ಅನಿಲಕ್ಕೆ ಡಿಕ್ಕಿ ಹೊಡೆದು ಒಡೆಯುತ್ತವೆ. ಒಡೆದ ಚೂರುಗಳ ತೂಕವನ್ನು ಎರಡನೆಯ ಹಂತ ನೋಡುತ್ತದೆ. ಒಂದೇ ತೂಕದ ಎರಡು ಅಣುಗಳಿದ್ದರೂ ಅವು ಒಡೆಯುವ ರೀತಿ ಸಾಮಾನ್ಯವಾಗಿ ಬೇರೆ ಬೇರೆ, ಹಾಗಾಗಿ ಗುರುತು ಸಿಕ್ಕಿಬಿಡುತ್ತದೆ. ನವಜಾತ ಶಿಶುಗಳ ರಕ್ತದ ಬೊಟ್ಟಿಗೆ ಈ ವಿಧಾನವನ್ನು ಒಗ್ಗಿಸಿದವರು 1990ರ ಸುಮಾರಿಗೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಮಿಲಿಂಗ್ಟನ್ ಮತ್ತು ಅವರ ಜೊತೆಗಾರರು.

ಆದರೆ ಯಂತ್ರಕ್ಕಿಂತ ಕಾಗದ ಹಳೆಯದು, ಕಾಗದಕ್ಕಿಂತ ಪ್ರಶ್ನೆ ಹಳೆಯದು. 1902ರಲ್ಲಿ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ ಒಂದು ವಿಚಿತ್ರ ತೊಂದರೆಯ ಬಗ್ಗೆ ಬರೆದ. ಕೆಲವು ಮಕ್ಕಳ ಮೂತ್ರ ಗಾಳಿಗೆ ಬಿಟ್ಟರೆ ಕಪ್ಪಾಗುತ್ತಿತ್ತು. ಅಂಥ ಮಕ್ಕಳ ತಂದೆತಾಯಿಯರಲ್ಲಿ ಅನೇಕರು ಹತ್ತಿರದ ನೆಂಟರು, ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳು, ಎಂಬುದನ್ನು ಆತ ಗಮನಿಸಿದ. ಸೋಂಕಿಲ್ಲ, ಗಾಯವಿಲ್ಲ; ಹುಟ್ಟುವಾಗಲೇ ದೇಹದ ರಾಸಾಯನಿಕ ಹಾದಿಯಲ್ಲಿ ಒಂದು ಮೆಟ್ಟಿಲು ಇಲ್ಲ ಎಂದು ಅರ್ಥ ಮಾಡಿದ. 1934ರಲ್ಲಿ ನಾರ್ವೆಯ ಬೋರ್ಗ್ನಿ ಎಗೆಲಾಂಡ್ ಎಂಬ ತಾಯಿ, ಬುದ್ಧಿ ಬೆಳೆಯದ ತನ್ನ ಇಬ್ಬರು ಮಕ್ಕಳ ಮೈಯಿಂದ ಒಂದು ಥರದ ವಾಸನೆ ಬರುತ್ತದೆ ಎಂದು ವೈದ್ಯರಿಂದ ವೈದ್ಯರಿಗೆ ಅಲೆದು, ಕೊನೆಗೆ ಆಸ್ಬ್‌ಯಾರ್ನ್ ಫೋಲಿಂಗ್ ಎಂಬ ವೈದ್ಯ ರಸಾಯನಜ್ಞನ ಬಳಿ ಬಂದಳು. ಆತ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹನಿಸಿದಾಗ ಅದು ಹಸಿರಾಯಿತು. ಫೀನೈಲ್‌ಕೀಟೋನ್ಯೂರಿಯ ಎಂಬ ಕಾಯಿಲೆ ಪತ್ತೆಯಾದದ್ದು ಹೀಗೆ. ಫೀನೈಲ್‌ಅಲನಿನ್ ಎಂಬ ಅಮೈನೋ ಆಮ್ಲವನ್ನು ಮಾರ್ಪಡಿಸುವ ಕಿಣ್ವ ಆ ಮಕ್ಕಳಲ್ಲಿ ಕೆಲಸ ಮಾಡುತ್ತಿರಲಿಲ್ಲ. ಅದು ರಕ್ತದಲ್ಲಿ ಏರಿ ಏರಿ ಮಿದುಳನ್ನು ಕೆಡಿಸಿತ್ತು. ವರ್ಷಗಟ್ಟಲೆ ಎಲ್ಲರೂ ತಳ್ಳಿಹಾಕಿದ್ದ ವಾಸನೆಯ ಮಾತನ್ನು ಆ ತಾಯಿ ಬಿಡದೆ ಹೇಳುತ್ತಲೇ ಇದ್ದಳು. ನಮ್ಮಲ್ಲಿಯೂ ತಾಯಂದಿರು ಇಂಥದ್ದನ್ನು ಹೇಳಿದಾಗ ಕಿವಿಗೊಡುವ ಡಾಕ್ಟರು ಎಷ್ಟು ಮಂದಿ ಎಂದು ಕೆಲವೊಮ್ಮೆ ಯೋಚಿಸುತ್ತೇನೆ.

1950ರ ದಶಕದ ಆರಂಭದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹಾರ್ಸ್ಟ್ ಬಿಕಲ್ ಮತ್ತು ಸಂಗಡಿಗರು ಫೀನೈಲ್‌ಅಲನಿನ್ ಕಡಿಮೆ ಮಾಡಿದ ಆಹಾರ ಕೊಟ್ಟು ಒಂದು ಮಗು ಸುಧಾರಿಸಿದ್ದನ್ನು ತೋರಿಸಿದರು. ಆಗ ಹೊಸ ತೊಡಕು ಎದ್ದಿತು. ಆಹಾರ ಬದಲಿಸುವುದು ಮಿದುಳು ಕೆಡುವ ಮುಂಚೆ ಆಗಬೇಕು; ಕಾಯಿಲೆ ಹೊರಗೆ ಕಾಣುವುದು ಮಿದುಳು ಕೆಟ್ಟ ಮೇಲೆ. ಹಾಗಾದರೆ ಆರೋಗ್ಯವಾಗಿ ಕಾಣುವ ಎಲ್ಲ ಶಿಶುಗಳನ್ನೂ ಪರೀಕ್ಷಿಸಬೇಕು. ಬಫಲೋ ನಗರದ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಗತ್ರಿ ಇದಕ್ಕೆ ದಾರಿ ಹುಡುಕಿದ. ಆತನ ಒಬ್ಬ ಮಗನಿಗೆ ಬೌದ್ಧಿಕ ನ್ಯೂನತೆಯಿತ್ತು, ಹೆಂಡತಿಯ ಸೋದರಿಯ ಮಗಳಿಗೆ ಇದೇ ಫೀನೈಲ್‌ಕೀಟೋನ್ಯೂರಿಯ ಬಂದಿತ್ತು. ಬ್ಯಾಕ್ಟೀರಿಯಾ ಬೆಳೆಸಿ ಅಳೆಯುವ ಆತನ ವಿಧಾನ ಇವತ್ತು ಮ್ಯೂಸಿಯಂ ಸೇರಿದೆ. ಉಳಿದಿರುವುದು ಆತನ ಇನ್ನೊಂದು ಸರಳ ಯೋಚನೆ: ಮಗುವಿನ ಹಿಮ್ಮಡಿ ಚುಚ್ಚಿ ರಕ್ತವನ್ನು ಸೋಸುಕಾಗದಕ್ಕೆ ಇಂಗಿಸಿ, ಒಣಗಿಸಿ, ಅಂಚೆಗೆ ಹಾಕುವುದು. 1963ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಇದನ್ನು ಕಾನೂನಾಗಿಯೇ ಮಾಡಿತು. ಒಣಗಿದ ರಕ್ತಕ್ಕೆ ಐಸು ಬೇಡ, ಸೀಸೆ ಬೇಡ, ವಾಹನ ಬೇಡ. ದೂರದ ಹಳ್ಳಿಗೂ ದೊಡ್ಡ ಪ್ರಯೋಗಾಲಯಕ್ಕೂ ನಡುವಿನ ಅಂತರ ಒಂದು ಅಂಚೆ ಚೀಟಿಯಷ್ಟಾಯಿತು.

ಕರ್ನಾಟಕದ ಪಾಲು ಇಲ್ಲಿ ದೊಡ್ಡದು, ಆದರೆ ಅದು ಎಷ್ಟೋ ಜನಕ್ಕೆ ಗೊತ್ತಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್, ಎ. ರಾಧಾರಮಾದೇವಿ, ಎಚ್. ಎಸ್. ಸಾವಿತ್ರಿ ಮುಂತಾದವರು ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಶಿಶುಗಳ ರಕ್ತದ ಬೊಟ್ಟು ತರಿಸಿ ಅಮೈನೋ ಆಮ್ಲಗಳನ್ನು ಕ್ರೊಮ್ಯಾಟೊಗ್ರಫಿಯಿಂದ ನೋಡಿದರು. ದೇಶದಲ್ಲಿ ಇಂಥ ಮೊದಲ ಕಾರ್ಯಕ್ರಮ ಅದು. 1988ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ 1,12,269 ಶಿಶುಗಳಿದ್ದವು. ಟೈರೊಸಿನ್ ಏರಿದ, ಫೀನೈಲ್‌ಅಲನಿನ್ ಏರಿದ, ಲ್ಯೂಸಿನ್ ಗುಂಪಿನ ಅಮೈನೋ ಆಮ್ಲಗಳು ಏರಿದ ಶಿಶುಗಳೆಲ್ಲ ಸಿಕ್ಕವು. ಇವತ್ತಿನ ಯಂತ್ರವಿಲ್ಲದ ಕಾಲದಲ್ಲಿ ಲಕ್ಷ ಕೂಸುಗಳ ಕಾಗದವನ್ನು ಒಂದೊಂದಾಗಿ ಓಡಿಸಿ ನೋಡಿದ ಆ ದುಡಿಮೆಗೆ ಸಿಗಬೇಕಾದ ಮುಂದುವರಿಕೆ ಸಿಗಲಿಲ್ಲ ಎಂಬುದು ನನ್ನ ತಕರಾರು. ಗೋವಾ 2008ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಶಿಶು ತಪಾಸಣೆ ಶುರುಮಾಡಿತು. ಕೇರಳ ನಾಲ್ಕು ಕಾಯಿಲೆಗಳಿಗೆ ಸರ್ಕಾರಿ ವ್ಯವಸ್ಥೆ ಮಾಡಿಕೊಂಡಿತು. ಮೊದಲು ಹೊರಟವರು ನಾವು.

ಅದೇ ತಂಡದವರು ಆಗ ಲಂಡನ್ನಿನಲ್ಲಿದ್ದ ತಳಿವಿಜ್ಞಾನಿ ಅಲನ್ ಬಿಟಲ್ಸ್ ಜೊತೆ ಸೇರಿ ತಂದೆತಾಯಿಯರ ನೆಂಟಸ್ತಿಕೆಯನ್ನೂ ಬರೆದಿಟ್ಟುಕೊಂಡರು. ಆ ಹೊತ್ತಿನಲ್ಲಿ ಹೆಚ್ಚುಕಡಿಮೆ ಮೂರು ಮದುವೆಗೆ ಒಂದು ರಕ್ತಸಂಬಂಧದ ಮದುವೆ. ಅದರಲ್ಲೂ ಅಕ್ಕನ ಮಗಳನ್ನು ತಂದುಕೊಂಡವೇ ಬಹಳ. ನಮ್ಮ ಕಡೆ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಹೊನ್ನಾಳಿಯ ಹೊಲ, ಚನ್ನಗಿರಿಯ ತೋಟ ಮನೆಯಲ್ಲೇ ಉಳಿಯಲಿ, ಹೆಣ್ಣುಮಗಳು ಪರರ ಮನೆಯಲ್ಲಿ ನೋಯದಿರಲಿ ಎಂದು ಹಿರಿಯರು ಮಾಡಿಕೊಂಡ ಏರ್ಪಾಡು ಅದು. ಅದನ್ನು ಬೈಯುವುದಕ್ಕೆ ನಾನಿಲ್ಲಿ ಬಂದಿಲ್ಲ, ಮತ್ತು ಇಂಥ ಮದುವೆಗಳಲ್ಲಿ ಹುಟ್ಟುವ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ರಸಾಯನ ಮಾತ್ರ ತನ್ನ ಲೆಕ್ಕ ಬಿಡುವುದಿಲ್ಲ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ವಂಶವಾಹಿಗಳಲ್ಲಿ ಸರಾಸರಿ ಕಾಲು ಭಾಗ ಒಂದೇ. ಸೋದರತ್ತೆ ಮಗ, ಸೋದರಮಾವನ ಮಗಳ ನಡುವೆ ಎಂಟನೇ ಒಂದು ಭಾಗ. ಕೆಟ್ಟ ಪ್ರತಿ ಒಂದೇ ಇದ್ದರೆ ಯಾವ ತೊಂದರೆಯೂ ಕಾಣದು. ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಸಾಧ್ಯತೆ ಮಗುವಿಗೆ ಎರಡೂ ಕೆಟ್ಟವೇ ಬರುವುದಕ್ಕೆ. ಮೊದಲ ಕೂಸು ಚೆನ್ನಾಗಿದೆ ಎಂದ ಮಾತ್ರಕ್ಕೆ ಎರಡನೆಯದಕ್ಕೆ ಈ ಲೆಕ್ಕ ಬದಲಾಗುವುದಿಲ್ಲ.

ಈ ಕಾಯಿಲೆಗಳು ಮನೆಯಲ್ಲಿ ಹೇಗೆ ಕಾಣಿಸಿಕೊಳ್ಳುತ್ತವೆ? ಕೂಸು ಹುಟ್ಟುವಾಗ ಗಟ್ಟಿಯಾಗಿಯೇ ಇರುತ್ತದೆ, ಅಳುತ್ತದೆ, ಮೊಲೆ ಚೀಪುತ್ತದೆ. ಬಸಿರಿನಲ್ಲಿದ್ದಷ್ಟು ದಿನ ಅದರ ಕಶ್ಮಲವನ್ನು ತಾಯಿಯ ದೇಹವೇ ತೆಗೆದುಹಾಕುತ್ತಿತ್ತು. ಹಾಲು ಕುಡಿಯಲು ಶುರುಮಾಡಿದ ಎರಡನೆಯ, ಮೂರನೆಯ, ನಾಲ್ಕನೆಯ ದಿನ ಚೀಪುವುದು ಕಡಿಮೆಯಾಗುತ್ತದೆ, ಮಂಪರು ಬರುತ್ತದೆ, ವಾಂತಿಯಾಗುತ್ತದೆ, ಉಸಿರು ವೇಗವಾಗುತ್ತದೆ, ಕೈಕಾಲು ಸೆಟೆಯುತ್ತದೆ. ಮನೆಯವರು ದೃಷ್ಟಿ ಎನ್ನುತ್ತಾರೆ, ಬಾಲಗ್ರಹ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ನಂಜು ಏರಿದೆ ಎನ್ನುತ್ತಾರೆ, ಯಾಕೆಂದರೆ ನಂಜಿನ ಲಕ್ಷಣವೂ ಹೀಗೆಯೇ, ಮತ್ತು ನಂಜು ಇದಕ್ಕಿಂತ ಎಷ್ಟೋ ಪಟ್ಟು ಸಾಮಾನ್ಯ. ನಂಜಿಗೆ ಔಷಧಿ ಕೊಡುವುದು ಸರಿಯೇ. ಆದರೆ ಅದೇ ಗಳಿಗೆಯಲ್ಲಿ ರಕ್ತದ ಸಕ್ಕರೆ, ರಕ್ತದ ಆಮ್ಲೀಯತೆ, ಅಮೋನಿಯಾ, ಮೂತ್ರದ ಕೀಟೋನ್ ಇಷ್ಟನ್ನು ನೋಡಿ, ಒಂದು ಕಾಗದಕ್ಕೆ ರಕ್ತ ಇಂಗಿಸಿಟ್ಟರೆ ಕಾಯಿಲೆಯ ಜಾಡು ಸಿಗಬಹುದು. ಹಿಂದೆ ಆ ಮನೆಯಲ್ಲಿ ಇನ್ನೊಂದು ಕೂಸು ಇದೇ ರೀತಿ ಎಂಟು ದಿನದೊಳಗೆ ಹೋಗಿದ್ದರೆ ಅದನ್ನು ಡಾಕ್ಟರಿಗೆ ಮೊದಲು ಹೇಳಬೇಕು. ಮನೆಯವರು ಆ ದುಃಖ ಎತ್ತಬಾರದು ಎಂದು ಮುಚ್ಚಿಡುತ್ತಾರೆ. ಕೂಸು ಉಳಿಯದು ಎನ್ನುವ ಸ್ಥಿತಿಯಲ್ಲೂ ಆ ಬೊಟ್ಟು ತೆಗೆದಿಡುವಂತೆ ಕೇಳಿ, ಮುಂದಿನ ಬಸಿರಿಗೆ ಅದು ಬೇಕಾಗುತ್ತದೆ.

ಒಂದು ಕಾಯಿಲೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಮ್ಮ ಅಜ್ಜಿಯರಿಗೂ ಅದಕ್ಕೂ ಒಂದು ತಮಾಷೆಯ ಸಂಬಂಧವಿದೆ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳು ಹಾಲಿನಲ್ಲಿ, ಬೇಳೆಯಲ್ಲಿ, ಮೊಟ್ಟೆಯಲ್ಲಿ ಧಾರಾಳ. ಇವನ್ನು ಮುಂದಕ್ಕೆ ಒಡೆಯುವ ಕಿಣ್ವವಿಲ್ಲದ ಶಿಶುವಿನ ಮೂತ್ರದಲ್ಲಿ ಕಾಯಿಸಿದ ಬೆಲ್ಲದ ಪಾಕದಂಥ ಸಿಹಿ ವಾಸನೆ ಬರುತ್ತದೆ. ಪಶ್ಚಿಮದವರು ತಮ್ಮ ಮೇಪಲ್ ಮರದ ಪಾಕದ ಹೆಸರನ್ನೇ ಆ ಕಾಯಿಲೆಗೆ ಇಟ್ಟಿದ್ದಾರೆ. ಆ ವಾಸನೆಗೆ ಕಾರಣವಾದ ಅಣು ಸೊಟೊಲಾನ್. ಮೆಂತ್ಯದ ಕಂಪಿಗೆ ಕಾರಣವೂ ಅದೇ ಅಣು. ಹೆರಿಗೆಗೆ ಮುಂಚೆ ಮೆಂತ್ಯದ ಕಷಾಯ ಕುಡಿದ ತಾಯಂದಿರ ಶಿಶುಗಳಲ್ಲಿ ಇದೇ ವಾಸನೆ ಬಂದು, ಕಾಯಿಲೆಯೇ ಇರಬೇಕೆಂದು ವೈದ್ಯರು ಗಾಬರಿಯಾದ ವರದಿಗಳು ವೈದ್ಯ ಪತ್ರಿಕೆಗಳಲ್ಲಿ ಬಂದಿವೆ. ಬಾಣಂತಿಗೆ ಮೆಂತ್ಯದ ಉಂಡೆ ಕಟ್ಟುವ ನಾಡು ನಮ್ಮದು. ಹಾಗಾಗಿ ಕೂಸಿನ ಬಟ್ಟೆಯಲ್ಲಿ ಪಾಕದ ವಾಸನೆ ಬಂದ ಕೂಡಲೇ ಎದೆ ಒಡೆದುಕೊಳ್ಳಬೇಕಾಗಿಲ್ಲ. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದೆಯೇ ನೋಡಿ. ವಾಸನೆಯ ಜೊತೆ ಮಂಪರೂ ಇದ್ದರೆ ಒಂದು ತಾಸೂ ತಡೆಯಬೇಡಿ. ಮೂಗಿಗೆ ಎರಡೂ ಒಂದೇ. ಯಂತ್ರ ಮಾತ್ರ ರಕ್ತದಲ್ಲಿ ಆ ಮೂರು ಅಮೈನೋ ಆಮ್ಲ ಏರಿದೆಯೋ ಇಲ್ಲವೋ ನೋಡಿ ಮೆಂತ್ಯವನ್ನೂ ಕಾಯಿಲೆಯನ್ನೂ ಬೇರೆ ಮಾಡುತ್ತದೆ.

ಆ ಮೂರು ಹೆಸರುಗಳನ್ನು ನೆನಪಿಡಿ, ಈಗ ದೊಡ್ಡವರ ಕಡೆ ಬರುತ್ತೇನೆ. 2011ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಅಧ್ಯಯನದಿಂದ ಒಂದು ಫಲಿತಾಂಶ ಬಂತು. ರಕ್ತದ ಸಕ್ಕರೆ ಸರಿಯಾಗಿಯೇ ಇದ್ದ 2,422 ಜನರನ್ನು ಹನ್ನೆರಡು ವರ್ಷ ಗಮನಿಸಿದರು. 201 ಮಂದಿಗೆ ಸಕ್ಕರೆ ಕಾಯಿಲೆ ಬಂತು. ಅವರ ಹಳೆಯ ರಕ್ತವನ್ನು ತೆಗೆದು ನೋಡಿದರೆ ಐದು ಅಮೈನೋ ಆಮ್ಲಗಳು ಮೊದಲೇ ಸ್ವಲ್ಪ ಏರಿದ್ದವು. ಅವುಗಳಲ್ಲಿ ಮೂರು ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ಉಳಿದೆರಡು ಟೈರೊಸಿನ್ ಮತ್ತು ಫೀನೈಲ್‌ಅಲನಿನ್. ಹುಟ್ಟಿದ ಕೂಸಿನಲ್ಲಿ ಬೇರೆ ಬೇರೆ ಕಾಯಿಲೆ ತೋರಿಸುವ ಅವೇ ಅಣುಗಳು ನಲವತ್ತು ದಾಟಿದ ದೊಡ್ಡವರಲ್ಲಿ ಇನ್ನೇನನ್ನೋ ಸೂಚಿಸುತ್ತವೆ. ಕೂಸಿನಲ್ಲಿ ಏರಿಕೆ ಹತ್ತಾರು ಪಟ್ಟು, ಕಾರಣ ಒಂದೇ ಕಿಣ್ವ, ಚಿಕಿತ್ಸೆ ಗೊತ್ತು. ದೊಡ್ಡವರಲ್ಲಿ ಏರಿಕೆ ಅತಿ ಸಣ್ಣದು, ಕಾರಣ ಊಟ, ತೂಕ, ಕುಳಿತ ಕೆಲಸ, ವಂಶ ಎಲ್ಲ ಬೆರೆತದ್ದು, ಮತ್ತು ಒಬ್ಬ ವ್ಯಕ್ತಿಗೆ ಖಚಿತವಾಗಿ ಏನನ್ನೂ ಹೇಳಲಾಗದು. ಸಂಶೋಧನೆಗೆ ಇದು ಬಂಗಾರ. ನಿಮಗೂ ನನಗೂ ಸೊಂಟದ ಸುತ್ತಳತೆ ಮತ್ತು ಖಾಲಿ ಹೊಟ್ಟೆಯ ಸಕ್ಕರೆ ಇವತ್ತಿಗೂ ಅದಕ್ಕಿಂತ ಹೆಚ್ಚು ಉಪಯೋಗ.

ಇದನ್ನು ಯಾಕೆ ಹೇಳಿದೆನೆಂದರೆ, ಈಗ ತಾಲ್ಲೂಕು ಕೇಂದ್ರಗಳಿಗೂ ಪ್ಯಾಕೇಜ್ ತಪಾಸಣೆ ಬಂದಿದೆ. ಒಂದು ಹನಿ ರಕ್ತಕ್ಕೆ ನೂರು ಪರೀಕ್ಷೆ, ಎಲ್ಲ ಕಾಯಿಲೆ ಮೊದಲೇ ಪತ್ತೆ ಎಂದು ಮೊಬೈಲಿಗೆ ಜಾಹೀರಾತು ಬರುತ್ತದೆ. ನೂರು ಅಂಶ ಅಳೆದರೆ ಆರೋಗ್ಯವಂತನಲ್ಲೂ ನಾಲ್ಕೈದು ಗೆರೆ ದಾಟಿಯೇ ಇರುತ್ತವೆ. ಸಾಮಾನ್ಯ ಮಿತಿಯ ಗೆರೆಯನ್ನು ಎಳೆಯುವ ರೀತಿಯೇ ಹಾಗಿದೆ. ಆಮೇಲೆ ಆ ನಾಲ್ಕೈದರ ಹಿಂದೆ ಸ್ಕ್ಯಾನು, ಮರುಪರೀಕ್ಷೆ, ನಿದ್ದೆಗೆಟ್ಟ ರಾತ್ರಿ. ದೊಡ್ಡ ವಿಜ್ಞಾನಿಗಳೇ ಇಲ್ಲಿ ಎಡವಿದ್ದಾರೆ. 2009ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಗುರುತು ಎಂದು ಸಾರ್ಕೊಸಿನ್ ಎಂಬ ಅಣು ಜಗತ್ತಿನ ಪ್ರಮುಖ ಪತ್ರಿಕೆಯಲ್ಲಿ ಮೆರೆಯಿತು. ಬೇರೆ ಕಡೆ ಅದೇ ಪರೀಕ್ಷೆ ಮಾಡಿದಾಗ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಲೈನಸ್ ಪಾಲಿಂಗ್ 1971ರಲ್ಲೇ ಮನುಷ್ಯನ ಉಸಿರಿನಲ್ಲಿ ಸುಮಾರು 250 ವಸ್ತುಗಳನ್ನು ಎಣಿಸಿ ತೋರಿಸಿದ್ದ. ಅರ್ಧ ಶತಮಾನ ದಾಟಿದರೂ ಉಸಿರು ಊದಿ ಕಾಯಿಲೆ ಹೇಳುವ ಪರೀಕ್ಷೆಗಳು ಬೆರಳೆಣಿಕೆಯಷ್ಟೇ. ಅಳೆಯುವುದು ಸುಲಭವಾದಷ್ಟು ವೇಗವಾಗಿ ಅರ್ಥ ಸಿಗಲಿಲ್ಲ.

ಚನ್ನಗಿರಿಯವರು ಅಡಿಕೆ ಜಗಿಯುವವರ ಮಾತು ಬರಲಿಲ್ಲವಲ್ಲ ಎನ್ನಬಹುದು. ಜಪಾನಿನ ಕೇಯೋ ವಿಶ್ವವಿದ್ಯಾಲಯದವರು 2010ರಲ್ಲಿ ಎಂಜಲಿನ ಅಣುಗಳನ್ನು ಅಳೆದು ಬಾಯಿ, ಸ್ತನ, ಮೇದೋಜೀರಕ ಗ್ರಂಥಿಯ ಕ್ಯಾನ್ಸರುಗಳನ್ನು ಬೇರೆಬೇರೆಯಾಗಿ ಗುರುತಿಸಬಹುದೆಂದು ತೋರಿಸಿದರು. ಒಳ್ಳೆಯ ಕೆಲಸ. ಆದರೆ ಗುಟ್ಕಾ, ಅಡಿಕೆ ಜಗಿಯುವವರ ಬಾಯಿ ಬಿಗಿಯುವ ಕಾಯಿಲೆಗೆ ಎಂಜಲಿನ ಯಂತ್ರ ಬರುವವರೆಗೆ ಕಾಯಬೇಕಿಲ್ಲ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಲು ಆಗದಿದ್ದರೆ, ಖಾರ ತಿಂದಾಗ ಉರಿದರೆ, ದಂತವೈದ್ಯರ ಬಳಿ ಹೋಗಿ. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಹೇಳಿ ಎರಡು ದಶಕ ಕಳೆದಿದೆ. ಬೆಳೆಯುವ ತಾಲ್ಲೂಕಿನಲ್ಲಿ ಈ ಮಾತು ರುಚಿಸದು, ಗೊತ್ತು.

ಹೊನ್ನಾಳಿ, ನ್ಯಾಮತಿಯ ಮೆಕ್ಕೆಜೋಳದಲ್ಲಿ ಇನ್ನೊಂದು ಕತೆಯಿದೆ. ಒದ್ದೆಯಾಗಿ ಮುಗ್ಗಿದ ಕಾಳಿನಲ್ಲಿ ಬೂಷ್ಟು ಬೆಳೆದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿಯಲ್ಲಿ ಮಳೆಗೆ ಸಿಕ್ಕ ಮೆಕ್ಕೆಜೋಳ ಉಂಡು 397 ಜನ ಕಾಮಾಲೆಗೆ ಬಿದ್ದರು, 106 ಜನ ಸತ್ತರು. ಮುಗ್ಗಿದ ಕಾಳನ್ನು ಹಸುವಿಗೆ ಹಾಕಿದರೆ ಆ ವಿಷ ಹಸುವಿನ ಈಲಿಯಲ್ಲಿ ಮಾರ್ಪಟ್ಟು ಹಾಲಿಗೆ ಇಳಿಯುತ್ತದೆ. ಹಾಲಿನಲ್ಲಿ ಆ ಮಾರ್ಪಟ್ಟ ಅಣುವಿಗೆ ಕಾನೂನಿನ ಮಿತಿ ಕಿಲೋಗೆ 0.5 ಮೈಕ್ರೊಗ್ರಾಂ. ಅಂದರೆ ನಿಮ್ಮ ಕಣಜದ ಕಾಳಿನ ಸ್ಥಿತಿಯನ್ನು ಡೇರಿಯ ಲ್ಯಾಬು ಹಾಲಿನಲ್ಲಿ ಓದಬಲ್ಲದು. ಅಂದಹಾಗೆ ಹಸುಗಳ ರಕ್ತದ ಹಲವು ಅಂಶಗಳನ್ನು ಒಟ್ಟಿಗೆ ಅಳೆದು ಇಡೀ ಹಿಂಡಿನ ಆರೋಗ್ಯ ಹೇಳುವ ಪರೀಕ್ಷೆಯನ್ನು ಇಂಗ್ಲೆಂಡಿನ ಕಾಂಪ್ಟನ್‌ನಲ್ಲಿ 1970ರಲ್ಲೇ ಮಾಡಿದ್ದರು.

ಇನ್ನು ಜಗಳೂರು. ಅಲ್ಲಿನ ಕತೆ ಫ್ಲೋರೈಡಿನದು. ಅದು ದೇಹ ತಯಾರಿಸುವ ಅಣುವಲ್ಲ, ನೆಲದಿಂದ ಬರುವಂಥದ್ದು. ಕಟ್ಟುನಿಟ್ಟಾಗಿ ನೋಡಿದರೆ ಇದು ನನ್ನ ವಿಷಯದ ಗೆರೆಯಾಚೆ. ಆದರೂ ಜಗಳೂರಿನ ಹೆಸರು ಹೇಳಿ ಅದನ್ನು ಬಿಟ್ಟು ಹೋದರೆ ತಪ್ಪಾಗುತ್ತದೆ. ಅಲ್ಲಿನ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಅದು ಮೀರಿದ ಊರುಗಳಲ್ಲಿ ಮಕ್ಕಳ ಹಲ್ಲಿನಲ್ಲಿ ಹಳದಿ, ಕಂದು ಪಟ್ಟಿ ಮೂಡುತ್ತವೆ, ದೊಡ್ಡವರ ಬೆನ್ನು ಮಂಡಿ ಬಗ್ಗದಂತಾಗುತ್ತವೆ. ಮೂತ್ರದ ಫ್ಲೋರೈಡ್ ಅಳೆಯುವುದು ಸುಲಭ, ಒಂದು ಸಣ್ಣ ಅಯಾನ್ ಮೀಟರ್ ಸಾಕು. ಕೇಂದ್ರದ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಪರೀಕ್ಷೆ ಸೇರಿದೆ. ಆದರೆ ಆ ಅಂಕಿ ಏನನ್ನು ಹೇಳುತ್ತದೆ ಎಂಬುದು ತಿಳಿದಿರಬೇಕು. ಕುಡಿದ ಫ್ಲೋರೈಡಿನ ಸುಮಾರು ಅರ್ಧ ಒಂದೆರಡು ದಿನದಲ್ಲಿ ಮೂತ್ರಕ್ಕೆ ಹೋಗುತ್ತದೆ, ಉಳಿದದ್ದು ಮೂಳೆಯಲ್ಲಿ ವರ್ಷಗಟ್ಟಲೆ ಕೂರುತ್ತದೆ. ಮೂಳೆ ನಿಮ್ಮ ಆಯುಷ್ಯದ ನೀರನ್ನು ಹೇಳುತ್ತದೆ, ಮೂತ್ರ ಈ ವಾರದ ನೀರನ್ನು. ಹಾಗಾಗಿ ಒಬ್ಬ ಅಜ್ಜನ ಮಂಡಿನೋವಿಗೆ ಮೂತ್ರ ಪರೀಕ್ಷೆ ಅಷ್ಟಾಗಿ ಉತ್ತರ ಕೊಡದು. ಊರಿನ ಶುದ್ಧ ನೀರಿನ ಘಟಕ ನಡೆಯುತ್ತಿದೆಯೇ, ಜನ ಆ ನೀರನ್ನೇ ಕುಡಿಯುತ್ತಿದ್ದಾರೆಯೇ ಎಂಬ ಪ್ರಶ್ನೆಗೆ ಶಾಲೆಯ ಮೂವತ್ತು ಮಕ್ಕಳ ಮೂತ್ರ ಚೆನ್ನಾಗಿಯೇ ಉತ್ತರ ಕೊಡುತ್ತದೆ. ಘಟಕ ಕೆಟ್ಟು ನಿಂತಿದ್ದರೆ ಯಾವ ಕಡತ ಏನೇ ಹೇಳಲಿ, ಮೂತ್ರ ಸುಳ್ಳು ಹೇಳುವುದಿಲ್ಲ.

ಮತ್ತೆ ಕೂಸಿನ ಕಾಗದಕ್ಕೆ ಬರೋಣ, ಹೇಳಬೇಕಾದ ಮುಖ್ಯ ಮಾತು ಉಳಿದಿದೆ. ಅದೇ ಕಾಗದದಿಂದ ಥೈರಾಯ್ಡ್ ಹಾರ್ಮೋನಿನ ಕೊರತೆಯನ್ನೂ ಪತ್ತೆ ಹಚ್ಚಬಹುದು, ವಿಧಾನ ಬೇರೆ ಅಷ್ಟೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ನೋಡಿದಾಗ ಸುಮಾರು 1,130 ಶಿಶುಗಳಿಗೆ ಒಂದರಲ್ಲಿ ಈ ಕೊರತೆ ಸಿಕ್ಕಿತು. ಇದು ಅಪರೂಪದ ಕಾಯಿಲೆ ಅಲ್ಲ. ಔಷಧಿ ದಿನಕ್ಕೊಂದು ಅಗ್ಗದ ಮಾತ್ರೆ. ಮೊದಲ ಎರಡು ವಾರದಲ್ಲಿ ಶುರುವಾದರೆ ಕೂಸು ಎಲ್ಲರಂತೆ ಶಾಲೆಗೆ ಹೋಗುತ್ತದೆ, ತಡವಾದರೆ ಹೋದ ಬುದ್ಧಿ ಮರಳದು. ಎಲ್ಲ ಕಾಯಿಲೆಗೂ ಹೀಗೆ ಸುಲಭ ಪರಿಹಾರವಿಲ್ಲ. ಕೆಲವಕ್ಕೆ ದುಬಾರಿ ಆಹಾರ ಬೇಕು, ಕೆಲವಕ್ಕೆ ಏನೂ ಇಲ್ಲ. ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯಂತೆ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಒಟ್ಟಾಗಿ ರಾಜ್ಯದ ಉತ್ಕೃಷ್ಟತಾ ಕೇಂದ್ರ. ನೆರವಿನ ಮಿತಿಯನ್ನು ಈಗ 50 ಲಕ್ಷ ರೂಪಾಯಿಗೆ ಏರಿಸಿದ್ದಾರೆ. ದಾರಿ ಸಂಪೂರ್ಣ ಮುಚ್ಚಿಲ್ಲ.

ರಕ್ತದ ಬೊಟ್ಟು ತೆಗೆಯುವ ಸರಿಯಾದ ಹೊತ್ತು ಹುಟ್ಟಿದ 48 ಗಂಟೆಯಿಂದ 72 ಗಂಟೆಯೊಳಗೆ. ಅದಕ್ಕೆ ಮೊದಲಾದರೆ ಹಾಲಿನ ಅಮೈನೋ ಆಮ್ಲ ಇನ್ನೂ ರಕ್ತದಲ್ಲಿ ಏರಿರುವುದಿಲ್ಲ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸಹಜ ಹೆರಿಗೆಯಾದ ತಾಯಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ದಿನ ಊಟ ಉಚಿತ. ಆದರೆ ಹೊನ್ನಾಳಿಯಲ್ಲೋ ಚನ್ನಗಿರಿಯಲ್ಲೋ ಹೆರಿಗೆಯಾದ ಮರುದಿನವೇ ಮನೆಗೆ ಹೋಗಬೇಕೆಂದು ಅವಸರ ಮಾಡುವವರು ನಾವೇ. ಎರಡು ದಿನ ಹೆಚ್ಚು ಉಳಿಯಿರಿ, ಉಳಿದು ಈ ಪರೀಕ್ಷೆ ಇಲ್ಲಿ ಆಗುತ್ತದೆಯೇ, ಇಲ್ಲದಿದ್ದರೆ ದಾವಣಗೆರೆಗೆ ಯಾರ ಬಳಿ ಹೋಗಬೇಕು ಎಂದು ಡಾಕ್ಟರನ್ನು ಕೇಳಿ. ರಕ್ತಸಂಬಂಧದ ಮದುವೆಯಾಗಿದ್ದರೆ ಅದನ್ನೂ ಹೇಳಿ.

ಕಾಗದವನ್ನು ಬಿಸಿಲಿಗೆ ಇಟ್ಟು ಒಣಗಿಸಬಾರದು. ನೆರಳಿನಲ್ಲಿ ಅಡ್ಡವಾಗಿ ಮೂರು ನಾಲ್ಕು ತಾಸು ಇಡಬೇಕು. ಜಗಳೂರಿನ ಏಪ್ರಿಲ್ ಬಿಸಿಲೂ ಅದಕ್ಕೆ ಶತ್ರು, ನ್ಯಾಮತಿಯ ಆಷಾಢದ ತೇವವೂ ಶತ್ರು. ಅದಕ್ಕೂ ದೊಡ್ಡ ಕಂಟಕ ಬೇರೆ ಇದೆ. ಲ್ಯಾಬಿನಲ್ಲಿ ಅನುಮಾನ ಕಂಡರೆ ಎರಡನೆಯ ಪರೀಕ್ಷೆಗೆ ಕೂಸನ್ನು ತಕ್ಷಣ ಕರೆಸಬೇಕು. ಮೊದಲ ಸಲ ಬಂದ ಕರೆ ಕಾಯಿಲೆ ಖಚಿತ ಎಂದಲ್ಲ, ಮತ್ತೆ ನೋಡಬೇಕು ಎಂದಷ್ಟೇ. ಎಷ್ಟೋ ಕರೆಗಳು ಎರಡನೆಯ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಮುಗಿಯುತ್ತವೆ. ಆದರೆ ಕರೆ ಮುಟ್ಟಬೇಕಲ್ಲ. ಚೊಚ್ಚಲ ಹೆರಿಗೆ ನಮ್ಮಲ್ಲಿ ತವರಿನಲ್ಲಿ. ಕಾರ್ಡಿನ ಮೇಲೆ ಬರೆಸುವುದು ಗಂಡನ ಊರು, ಗಂಡನ ಫೋನು. ಆತ ಬೆಂಗಳೂರಿನಲ್ಲಿ ಕೆಲಸದಲ್ಲಿರುತ್ತಾನೆ, ಕೂಸು ಜಗಳೂರಿನ ಹಳ್ಳಿಯಲ್ಲಿ ಅಜ್ಜಿಯ ಮಡಿಲಲ್ಲಿರುತ್ತದೆ. ಹೀಗೆ ಕಳೆಯುವ ಒಂದು ವಾರ ಕೆಲವು ಕಾಯಿಲೆಗಳಲ್ಲಿ ಎಲ್ಲವನ್ನೂ ನಿರ್ಧರಿಸಿಬಿಡುತ್ತದೆ. ಕಾರ್ಡು ತುಂಬುವ ನರ್ಸಮ್ಮನ ಹತ್ತಿರ ತವರಿನ ವಿಳಾಸ, ಅಲ್ಲಿ ಸದಾ ಕೈಗೆ ಸಿಗುವ ಒಬ್ಬರ ಫೋನ್ ಸಂಖ್ಯೆ, ಆ ಊರಿನ ಆಶಾ ಕಾರ್ಯಕರ್ತೆಯ ಫೋನ್ ಸಂಖ್ಯೆ, ಈ ಮೂರನ್ನೂ ಬರೆಸಿ.